ಜಲಜತ್ತೆಯ ಅರಗಿನ ಆಂಟೆನಾ

ತುಂಬಿದ ಕೊಡವನ್ನು ಎತ್ತಿ ಆಂಟೆನಾದ ನೆತ್ತಿಯ ಮೇಲೆ ಬೋರಲು ಹಾಕಿದಳು ನಮ್ಮ ಜಲಜತ್ತೆ. ಅರ್ಧ ನೀರು ಆಂಟೆನಾದ ಮೇಲೆ ಬಿತ್ತು, ಇನ್ನರ್ಧ ನನ್ನ ಮೇಲೆ. ಕೈಗೆಟುಕುವಂತೆ ತಗ್ಗಿಸಿದ ಅದರ ಕಂಬ ಹಿಡಿದು ನಿಂತವನು ನಾನೇ ತಾನೆ.

"ನೋಡ್ಕೊಳ್ಳಿ ಎಲ್ಲಾರೂ. ಆಕಾಶ ಕಳಚಿ ಬಿದ್ರೂ ಇದರೊಳಕ್ಕೆ ಒಂದು ಹನಿ ಇಳಿಯಲ್ಲ. ಓವರ್."

ಎಲ್ಲಾರೂ ಅಂದರೆ ನಾನು, ನಮ್ಮಮ್ಮ, ಪಕ್ಕದ ತಾರಸಿಯಲ್ಲಿ ಕಾಗೆ ಓಡಿಸುತ್ತ ಮೆಣಸಿನಕಾಯಿ ಒಣಗಿಸುತ್ತಿದ್ದ ಮರಿಗೌಡರು. ಇಷ್ಟೇ ಜನ. ಅತ್ತೆ ಮಾತ್ರ ಚನ್ನಪಟ್ಟಣವೇ ನೆರೆದಂತೆ ಎರಡೂ ಕೈ ಎತ್ತಿ ನಿಂತಿದ್ದಳು.

ಜಲಜತ್ತೆ ನಮ್ಮಪ್ಪನ ಅಕ್ಕ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ಜೀವಮಾನವೆಲ್ಲ ಬೇರೆಯವರ ಮಾತು ಬೇರೆಯವರಿಗೆ ಮುಟ್ಟಿಸಿದಳು. ನಿವೃತ್ತಿಯಾದ ಮೇಲೆ ತನ್ನ ಮಾತನ್ನೂ ಯಾರಾದರೂ ಕೇಳಲಿ ಅಂತ ಹ್ಯಾಮ್ ರೇಡಿಯೊ ಹಚ್ಚಿಕೊಂಡಳು. ಅಂದರೆ ಸ್ವಂತ ಯಂತ್ರ, ಸ್ವಂತ ಆಂಟೆನಾ ಕಟ್ಟಿಕೊಂಡು, ಸರ್ಕಾರದ ಲೈಸೆನ್ಸ್ ಪಡೆದು, ಮುಖ ಕಾಣದ ದೇಶದವರ ಜೊತೆ ಹರಟೆ ಹೊಡೆಯುವುದು. ಪಕ್ಕದ ಮನೆಯವರ ಜೊತೆ ಹರಟಲು ಲೈಸೆನ್ಸ್ ಬೇಕಿಲ್ಲ. ಆದರೆ ಅತ್ತೆಗೂ ಮರಿಗೌಡರಿಗೂ ಮಾತಿಲ್ಲ. ರೇಡಿಯೊದಲ್ಲಿ ಒಬ್ಬರು ಮಾತು ಮುಗಿಸಿದೆ ಎನ್ನುವುದಕ್ಕೆ 'ಓವರ್' ಅನ್ನಬೇಕಂತೆ. ಅದು ಅವಳ ನಾಲಗೆಗೇ ಅಂಟಿಬಿಟ್ಟಿದೆ. "ಸಾರಿಗೆ ಉಪ್ಪಿಲ್ಲ, ಓವರ್" ಅನ್ನುತ್ತಾಳೆ. "ಅತ್ಗೆ, ಓವರ್ ಆಡ್ತಿರೋದು ನೀವೇಯ" ಅಂತ ಅಮ್ಮ ತಿರುಗಿಸುತ್ತಾಳೆ.

ಅತ್ತೆಯ ವೈರಿ ಒಂದೇ: ಮಳೆ. ಆಂಟೆನಾದ ಎರಡು ತಂತಿ ನಡುವೆ ಸೇರುವ ಜಾಗವಿದೆಯಲ್ಲ, ಅಲ್ಲಿಗೆ ನೀರು ಇಳಿದರೆ ಮುಗಿಯಿತು, ಬರೀ ಕರಕರ. ಅಂಟುಪಟ್ಟಿ ಸುತ್ತಿದಳು, ಬಿಸಿಲಿಗೆ ಬಿಚ್ಚಿಕೊಂಡಿತು. ಸೈಕಲ್ ಟ್ಯೂಬ್ ಬಿಗಿದಳು, ಇಲಿ ತಿಂದಿತು. ಗ್ರೀಸ್ ಮೆತ್ತಿದಳು, ಅದಕ್ಕೆ ಪಾರಿವಾಳ ಅಂಟಿಕೊಂಡು ಅದನ್ನು ಬಿಡಿಸುವುದೇ ಒಂದು ದಿನದ ಕೆಲಸವಾಯಿತು. ಕೊನೆಗೆ ಅಮ್ಮನ ಉಪ್ಪಿನಕಾಯಿ ಜಾಡಿಯನ್ನು ಬೋರಲು ಕಟ್ಟಿದಳು. ಅದರೊಳಗೆ ಕಣಜ ಗೂಡು ಕಟ್ಟಿತು. ಅಷ್ಟೂ ಸಲ ಕಂಬ ಹತ್ತಿದವನು ನಾನು. ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟವನಿಗೆ ಬೇರೇನು ಕೆಲಸ ಅಂತ ಊರಿಗೇ ಗೊತ್ತಿದೆಯಲ್ಲ! ಹತ್ತು ಅಂದರೆ ಹತ್ತಬೇಕು, ಇಳಿ ಅಂದರೆ ಇಳಿಯಬೇಕು. ಕೇಳಿದರೆ ಕೋಪಿಷ್ಠ ಅನ್ನುತ್ತಾರೆ.

ನೀರು ಸುರಿದ ಹಿಂದಿನ ವಾರ ಅತ್ತೆಗೆ ಜ್ಞಾನೋದಯವಾಯಿತು. "ಅಲ್ವೋ ಚೆಲುವ, ಬೊಂಬೆ ಊರಲ್ಲಿ ಹುಟ್ಟಿ ಇಷ್ಟು ದಿನ ಹೊಳೀಲೇ ಇಲ್ವಲ್ಲ. ಅರಗಿಗೆ ನೀರು ಹತ್ತುತ್ತೇನೋ?"

ಹತ್ತುವುದಿಲ್ಲ. ನಾನು ಕೆಲಸ ಮಾಡುವುದೇ ಪ್ಯಾರೇಜಾನ್ ಸಾಹೇಬರ ಬೊಂಬೆ ಕಾರ್ಖಾನೆಯಲ್ಲಿ. ನಮ್ಮಪ್ಪ ಮಾಡಿದ್ದೂ ಅಲ್ಲೇ, ಅದೇ ಲೇತಿನ ಮೇಲೆ. ಗಿರ್ರನೆ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿದರೆ, ಆ ಉಜ್ಜಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಮೇಲೆ ತಾಳೆಗರಿ ಆಡಿಸಿದರೆ ಮುಖ ಕಾಣುವಷ್ಟು ಹೊಳಪು. ಅತ್ತೆ ಗುಜರಿಯಲ್ಲಿ ಸಿಕ್ಕಿತೆಂದು ಒಂದು ಹಳೆಯ ಕಡೆದ ಮರದ ತುಂಡು ತಂದುಕೊಟ್ಟಳು. ಮೊಳದುದ್ದ ಇತ್ತು, ಹಸಿರು ಅರಗಿನ ಮೇಲೆ ಹಳದಿ ಉಂಗುರ. ಅದರ ಹೊಟ್ಟೆ ಕೊರೆದು, ಲೇತಿನ ಮೇಲೆ ದಪ್ಪಗೆ ಕೆಂಪು ಅರಗು ಹಚ್ಚಿ, ಆ ತಂತಿ ಸೇರುವ ಜಾಗವನ್ನು ಒಳಗೆ ತೂರಿಸಿ ಕಂಬಕ್ಕೆ ಕಟ್ಟಿದೆ. ಭಾನುವಾರ ರಜದ ದಿನ, ಪುಕ್ಕಟೆ ಕೆಲಸ. ಹಚ್ಚುವಷ್ಟು ಹೊತ್ತೂ ಬೈದೆ.

ಆ ಬೈಗುಳವೇ ಮುಂದಿನದಕ್ಕೆಲ್ಲ ಮೂಲ.

*

ನೀರು ಸುರಿದು ಪರೀಕ್ಷೆ ಮುಗಿಸಿ, ಅತ್ತೆ ತಾರಸಿಯ ಮೇಲಿನ ತಗಡಿನ ಶೆಡ್ಡಿಗೆ ಹೋಗಿ ಯಂತ್ರದ ಮುಂದೆ ಕೂತಳು. ಮೈಕಿನ ಗುಂಡಿ ಒತ್ತಿ "ಸಿಕ್ಯೂ, ಸಿಕ್ಯೂ" ಅಂದಳು. ಯಾರಿದ್ದೀರಿ ಬನ್ನಿ ಅಂತ ಅದರ ಅರ್ಥ.

ಬಂದದ್ದು ನಾನು. ತಾರಸಿಯ ಮೇಲಿನ ಆಂಟೆನಾ ನನ್ನ ದನಿಯಲ್ಲಿ, ಇಡೀ ಬೀದಿಗೆ ಕೇಳುವಂತೆ ಹೇಳಿತು:

"ಟೀ ಅಂತೆ ಟೀ. ಆ ಲೋಟದಲ್ಲಿ ನೊಣ ಬಿದ್ರೂ ಮುಳುಗಲ್ಲ, ನಿಂತ್ಕೊಂಡು ಸಾಹೇಬ್ರ ಮುಖ ನೋಡ್ತದೆ."

ಸಾಹೇಬರು ಕೊಡುವ ಗುಟುಕು ಟೀ ಬಗ್ಗೆ ನಾನು ಅರಗು ಹಚ್ಚುವಾಗ ಬೈದಿದ್ದೇ ಅದು. ಅತ್ತೆ ಗುಂಡಿ ಬಿಟ್ಟಳು, ದನಿ ನಿಂತಿತು. ಒತ್ತಿದಳು, ಮತ್ತೆ ಶುರು.

"ಈ ಮರಿಗೌಡ ಮೆಣಸಿನಕಾಯಿ ಕಾಯ್ತಾನೋ, ನಮ್ಮನೆ ಕಾಯ್ತಾನೋ..."

ಮರಿಗೌಡರು ಮೆಣಸಿನಕಾಯಿ ಕೈಯಲ್ಲಿ ಹಿಡಿದೇ ಎದ್ದು ನಿಂತರು. "ಏನ್ಲಾ ಅಂದೆ?"

"ನಾನೆಲ್ಲಿ ಅಂದೆ ಗೌಡ್ರೆ? ಬಾಯಿ ಮುಚ್ಕೊಂಡು ನಿಂತಿವ್ನಿ, ನೀವೇ ನೋಡ್ತಿದ್ದೀರಲ್ಲ."

"ದನಿ ನಿಂದೇ ಅಲ್ವೇನ್ಲಾ?"

ನಾನು ಅತ್ತೆಯ ಕಡೆ ತಿರುಗಿದೆ. ಅವಳ ಕಣ್ಣು ಬಟ್ಟಲಾಗಿತ್ತು. "ಚೆಲುವ, ಹಿಂದೆ ಗ್ರಾಮಫೋನ್ ಪ್ಲೇಟು ಮಾಡ್ತಿದ್ದದ್ದೂ ಅರಗಿನಲ್ಲೇ ಕಣೋ. ತಿರುಗೋ ಅರಗು, ಒತ್ತೋ ಕೈ, ಪಕ್ಕದಲ್ಲಿ ನಿನ್ನ ಹಾಳು ಬಾಯಿ. ಅರಗು ನಿನ್ನ ಮಾತು ಹಿಡ್ಕೊಂಡಿದೆ. ನಾನು ಕರೆಂಟ್ ಕೊಟ್ಟೆ, ಅದು ಕಕ್ತಾ ಇದೆ. ಓವರ್."

"ಓವರ್ ಆಯ್ತು ಬಿಡಿ, ನನ್ ಮಗನ ಕೆಲಸವೇ ಓವರ್ ಆಯ್ತು" ಅಂದಳು ಅಮ್ಮ.

ಅಷ್ಟರಲ್ಲಿ ಕೆಳಗೆ ಮನೆಯೊಳಗಿಂದ ಯಾರೋ ಕೆಮ್ಮಿದರು. ಮನೆಯಲ್ಲಿ ಯಾರೂ ಇರಲಿಲ್ಲ. ಇಳಿದು ಹೋಗಿ ನೋಡಿದರೆ ದೇವರ ಗೂಡಿನಲ್ಲಿದ್ದ ಅಮ್ಮನ ಕುಂಕುಮದ ಭರಣಿ. ಮರದ್ದು, ಅರಗು ಹಚ್ಚಿದ್ದು. ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಯಾವುದೋ ಕಾಲದ ಯಾವುದೋ ಹೆಂಗಸಿನ ದನಿಯಲ್ಲಿ ಸೋಬಾನೆ ಹಾಡತೊಡಗಿತು. ಎದುರು ಮನೆಯ ಕೂಸಿನ ಕೈಲಿದ್ದ ಗಿಲಕಿ "ಆ ಉಳಿ ಈಕಡೆ ಎಸಿ" ಅಂತ ಗಂಡುದನಿಯಲ್ಲಿ ಗದರಿತು. ಕೂಸು ಅಳಲಿಲ್ಲ, ಉಳಿ ಹುಡುಕಿತು.

ಅತ್ತೆಯ ಹೆಬ್ಬೆರಳು ಗುಂಡಿಯ ಮೇಲೆ ಇರುವಷ್ಟು ಹೊತ್ತು ಊರಿನ ಅರಗೆಲ್ಲ ಮಾತಾಡಿತು. ಬೆಂಗಳೂರು ರಸ್ತೆಯ ಬೊಂಬೆ ಅಂಗಡಿಗಳ ಸಾಲಿನಿಂದ ಎದ್ದ ಸದ್ದು ನಮ್ಮ ತಾರಸಿಗೂ ಬಂತು. ಕುದುರೆ, ಬುಗುರಿ, ರೈಲು, ತಲೆಯಾಡಿಸುವ ಅಜ್ಜಿ, ಎಲ್ಲವೂ ತಮ್ಮನ್ನು ಕಡೆದವರ ದನಿಯಲ್ಲಿ ಮಾತಾಡುತ್ತಿದ್ದವು. ಹಾಡು, ಜಗಳ, ನಗು, ಹಳೆಯ ಕಾರ್ಖಾನೆಗಳ ಲೇತಿನ ಗಿರಗಿರ, ಯಾವತ್ತೋ ಕೂಗಿದ ಆಜಾನ್, ಯಾವತ್ತೋ ಹೆಂಚಿನ ಮೇಲೆ ಸುರಿದು ಹೋದ ಮಳೆ. ಸತ್ತವರು, ಊರು ಬಿಟ್ಟವರು, ಹೆಸರೇ ಉಳಿಯದವರು. ನನ್ನ ಕೋಪ ಎಲ್ಲಿ ಹೋಯಿತೋ ಗೊತ್ತಿಲ್ಲ. ಬಾಯಿ ತೆರೆದುಕೊಂಡು ನಿಂತುಬಿಟ್ಟೆ. ದಿನಾ ಕೈಯಲ್ಲಿ ಹಿಡಿಯುವ ಅರಗು ಇಷ್ಟು ಜನರನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿತ್ತೇ?

ಅದೇ ಹೊತ್ತಿಗೆ ರೇಡಿಯೊದಲ್ಲಿ ಜಪಾನಿನ ಒಬ್ಬ ಮುದುಕರು ಸಿಕ್ಕಿದರು. ಇಂಗ್ಲಿಷಿನಲ್ಲಿ ಏನೋ ಗಾಬರಿಯಿಂದ ಹೇಳಿದರು. ಅತ್ತೆ ಕೇಳಿ ನಮಗೆ ದಾಟಿಸಿದಳು: "ಅವರ ಮೊಮ್ಮಗಳ ಹತ್ರ ಇರೋ ನಮ್ಮೂರ ಬೊಂಬೆ ಗೂಬೆ ಅವರನ್ನ ಏನೋ ಕೇಳ್ತಾ ಇದೆಯಂತೆ. 'ಉಂಡ್ಯಾ' ಅಂದ್ರೆ ಏನು ಅಂತಾರೆ."

"ಊಟ ಆಯ್ತು ಅನ್ನೋಕೆ ಹೇಳಿ, ಪಾಪ" ಅಂದಳು ಅಮ್ಮ.

*

ಆಂಟೆನಾ ಮಾತ್ರ ಇನ್ನೂ ನನ್ನ ಬೈಗುಳವನ್ನೇ ಓದುತ್ತಿತ್ತು. ಓದಿದಷ್ಟೂ ಭಾಗದ ಕೆಂಪು ಅರಗು ಹೊಳಪು ಕಳೆದುಕೊಂಡು ರಂಗೋಲಿ ಪುಡಿಯಂತೆ ಉದುರುತ್ತಿತ್ತು. ಮಾತು ಒಂದೇ ಸಲ. ಆಡಿದ ಮೇಲೆ ಅರಗೂ ಇಲ್ಲ, ಮಾತೂ ಇಲ್ಲ. ಕೆಂಪೆಲ್ಲ ಉದುರಿ ಕೆಳಗಿನ ಹಸಿರು ಕಂಡಿತು. ಹಸಿರಿನ ಮೇಲೆ ಹಳದಿ ಉಂಗುರ.

ಅಮ್ಮ ಹತ್ತಿರ ಬಂದು ನೋಡಿದಳು. ಅವಳ ಮುಖ ಬದಲಾಯಿತು.

"ಅತ್ಗೆ, ಇದು ನಮ್ ತೊಟ್ಟಿಲ ಕಾಲು."

ಅತ್ತೆ ಕಿವಿ ಕೇಳಿಸದವಳಂತೆ ಯಂತ್ರದ ತಿರುಪು ತಿರುಗಿಸಿದಳು.

"ಅಟ್ಟದ ಮೇಲೆ ಮೂಟೆ ಕಟ್ಟಿ ಮಡಗಿದ್ದೆ. ಇವ್ನು ಹುಟ್ಟೋಕೆ ಮುಂಚೆ ಇವ್ರಪ್ಪ ಕಡೆದಿದ್ದು. ನಾಕು ಕಾಲಲ್ಲಿ ಮೂರು ಗೆದ್ಲು ತಿಂದು ಇದೊಂದು ಉಳ್ಕೊಂಡಿತ್ತು. ಗುಜರಿ ಅಂದ್ರಾ? ನನ್ ಗಂಡ ಕಡೆದ ತೊಟ್ಟಿಲು ನಿಮಗೆ ಗುಜರಿಯಾ?"

"ಒಳ್ಳೆ ಹಾಲೆಮರ ಕಣೆ ಸಾಕಮ್ಮ, ಬಿರುಕು ಬಿಡಲ್ಲ ಅಂತ..." ಅತ್ತೆಯ ಮಾತು ಅರ್ಧಕ್ಕೇ ನಿಂತಿತು. ಅವಳು ಓವರ್ ಅನ್ನಲಿಲ್ಲ. ಮೂವರಿಗೂ ಒಟ್ಟಿಗೇ ಹೊಳೆದಿತ್ತು.

ಹಸಿರು ಅರಗು ಹಚ್ಚಿದವನು ನಮ್ಮಪ್ಪ ಬೋರಯ್ಯ. ನಾನು ಅಂಬೆಗಾಲು ಇಡುವ ಮೊದಲೇ ಹೋದವನು. ಮನೆಯಲ್ಲಿ ಅವನ ಒಂದು ಫೋಟೋ ಇದೆ. ಫೋಟೋಗೆ ದನಿ ಇಲ್ಲ. ಅಪ್ಪನ ದನಿ ಹೆಂಗಿತ್ತು ಅಂತ ಕೇಳಿದಾಗೆಲ್ಲ ಅಮ್ಮ "ಚೆನ್ನಾಗಿತ್ತು" ಅಂದು ಒಲೆ ಕಡೆ ತಿರುಗುತ್ತಿದ್ದಳು.

"ಅತ್ತೆ, ಒತ್ತು" ಅಂದೆ.

ಆಗಲೇ ಮೆಟ್ಟಿಲ ಮೇಲೆ ದಡದಡ ಸದ್ದು. ಪ್ಯಾರೇಜಾನ್ ಸಾಹೇಬರು ಏದುಸಿರು ಬಿಡುತ್ತ ಬಂದರು, ಕೈಯಲ್ಲಿ ಛತ್ರಿ.

"ನಿಲ್ಸಿ ಜಲಜಮ್ಮ, ನಿಮ್ಗೆ ಪುಣ್ಯ ಬರ್ಲಿ. ಅಂಗ್ಡೀಲಿ ಫಾರಿನ್ ಜನ ಬಸ್ಸಲ್ಲಿ ಬಂದವ್ರೆ. ನನ್ ಆನೆ ನನ್ ದನೀಲೇ ಹೇಳ್ತಾ ಐತೆ, 'ಇದ್ರ ಸೊಂಡ್ಲು ಸೊಟ್ಟ ಆಯ್ತು, ಫಾರಿನ್‌ನೋರಿಗೆ ಕೊಡು, ಆರ್ಟು ಅಂದ್ಕೊಂಡು ತಗೋತಾರೆ' ಅಂತ."

"ಅವ್ರಿಗೆ ಕನ್ನಡ ಬರುತ್ತಾ ಸಾಹೇಬ್ರೆ?" ಅಂದಳು ಅತ್ತೆ.

"ಡ್ರೈವರ್‌ಗೆ ಬರುತ್ತಲ್ಲಮ್ಮ! ಬಸ್ ತುಂಬ ಅರ್ಥ ಹೇಳ್ತಾ ಅವ್ನೆ." ಆಮೇಲೆ ನನ್ನ ಕಡೆ ತಿರುಗಿದರು. "ನೀನು. ಬೀದೀಲಿ ಎಲ್ಲಾರೂ ಹೇಳ್ತಾವ್ರೆ, ನೊಣ ಮುಳುಗಲ್ವಾ ನನ್ ಟೀಲಿ? ನಾಳೆಯಿಂದ ನೀನೂ ಬರ್ಬೇಡ, ನೊಣಾನೂ ಬರ್ಬೇಡ."

ಹೋಗಲಿ. ಕೆಲಸ ಹೋದರೆ ಹೋಗಲಿ. "ಆ ಹಸಿರಲ್ಲಿ ನಮ್ಮಪ್ಪ ಅವ್ನೆ ಸಾಹೇಬ್ರೆ" ಅಂದೆ. "ಅದೊಂದು ಕೇಳ್ಕೊಂಡು ಆಮೇಲೆ ಬೈಸ್ಕೋತೀನಿ."

ಸಾಹೇಬರು ಆ ಹಸಿರು ಕಾಲನ್ನು ನೋಡಿದರು. ಉಂಗುರದ ಮೇಲೆ ಬೆರಳಾಡಿಸಿದರು. "ಬೋರಯ್ಯನ ಕೈ" ಅಂದರು ಮೆಲ್ಲಗೆ.

ಅದೇ ಗಳಿಗೆಯಲ್ಲಿ ನನ್ನ ಮೂಗಿನ ಮೇಲೆ ಒಂದು ದಪ್ಪ ಹನಿ ಬಿತ್ತು.

ನೀರು ತಡೆಯಬೇಕಿದ್ದ ಕೆಂಪು ಅರಗೆಲ್ಲ ನನ್ನ ಬೈಗುಳವಾಗಿ ಉದುರಿಹೋಗಿತ್ತು. ಹಳೆಯ ಹಸಿರು ತೆಳ್ಳಗೆ, ಅಲ್ಲಲ್ಲಿ ಬಿರುಕು. ಒಳಗೆ ನೀರು ಇಳಿದರೆ ಕರಕರ, ಅಪ್ಪನೂ ಇಲ್ಲ ಗಿಪ್ಪನೂ ಇಲ್ಲ. ನಾನು ಅಂಗಿ ಬಿಚ್ಚಿ ಕಂಬದ ಮೇಲೆ ಹಿಡಿದೆ. ಅಮ್ಮ ಸೆರಗು ಹಿಡಿದಳು. ಸಾಹೇಬರು ಛತ್ರಿ ಬಿಚ್ಚಿದರು, ತಮಗಲ್ಲ, ಆಂಟೆನಾಕ್ಕೆ. ಮರಿಗೌಡರು ಪಕ್ಕದ ತಾರಸಿಯಿಂದ ಮೆಣಸಿನಕಾಯಿ ಮುಚ್ಚುವ ಟಾರ್ಪಾಲನ್ನೇ ನಮ್ಮ ಕಡೆ ಎಸೆದರು. ಅವರ ಮೆಣಸಿನಕಾಯಿ ನೆನೆಯುತ್ತಿತ್ತು. ಅವರು ನೋಡಲಿಲ್ಲ.

ಶೆಡ್ಡಿನೊಳಗೆ ಅತ್ತೆ ಗುಂಡಿ ಒತ್ತಿದಳು.

ಮೊದಲು ಲೇತಿನ ಗಿರಗಿರ. ಆಮೇಲೆ ಒಬ್ಬ ಗಂಡಸಿನ ದನಿ. ಅಮ್ಮ ನನ್ನ ಕೈ ಹಿಡಿದುಕೊಂಡಳು. ನನಗೆ ಯಾರೂ ಇದು ಅಪ್ಪ ಅಂತ ಹೇಳಬೇಕಿರಲಿಲ್ಲ. ನನ್ನದೇ ದನಿ, ಸ್ವಲ್ಪ ಒರಟು ಅಷ್ಟೆ. ಅಪ್ಪ ಹೇಳಿದ:

"ಟೀ ಅಂತೆ ಟೀ. ಲೋಟ ಅಲ್ಲ ಇದು, ದೀಪದ ಹಣತೆ. ಈ ಪ್ಯಾರೇಜಾನ್‌ಗೆ ಎಷ್ಟು ಸಲ ಹೇಳೋದು?"

ಸಾಹೇಬರು ಛತ್ರಿಯನ್ನು ಇನ್ನಷ್ಟು ಮುಂದಕ್ಕೆ ಚಾಚಿದರು. ಅವರು ನಗುತ್ತಿದ್ದರೋ ಅಳುತ್ತಿದ್ದರೋ, ಮಳೆಯಲ್ಲಿ ತಿಳಿಯಲಿಲ್ಲ. ಅಪ್ಪ ನಿಲ್ಲಿಸಲಿಲ್ಲ. ಮರ ಸರಿಯಿಲ್ಲ ಅಂತ ಬೈದ, ಉಳಿ ಮೊಂಡು ಅಂತ ಬೈದ, ರಜದ ದಿನ ತೊಟ್ಟಿಲು ಕಡೆಯಬೇಕಲ್ಲ ಅಂತ ತನ್ನನ್ನೇ ಬೈದುಕೊಂಡ. ಹಸಿರು ಪುಡಿ ನಮ್ಮ ತಲೆಯ ಮೇಲೆ ಉದುರುತ್ತಿತ್ತು. ಆಮೇಲೆ ದನಿ ತಗ್ಗಿತು, ಕಡ್ಡಿ ಒತ್ತುವ ಕೈ ನಿಧಾನವಾದಂತೆ.

"ಗಂಡಾದ್ರೂ ಸರಿ, ಹೆಣ್ಣಾದ್ರೂ ಸರಿ. ಕಣ್ಣು ಸಾಕಮ್ಮಂದು ಬರ್ಲಿ. ಕೈ ನಂದು ಬರ್ಲಿ. ಈ ಕೋಪ ಒಂದು ಬರ್ದಿದ್ರೆ ಸಾಕಪ್ಪ ಮಾದೇವ."

ಗಾಳಿ ಟಾರ್ಪಾಲನ್ನು ಎತ್ತಿತು. ನೀರು ಇಳಿಯಿತು. ಕರಕರ.

ಶೆಡ್ಡಿನಿಂದ ಅತ್ತೆಯ ದನಿ ಕೇಳಿಸಿತು, ಮೈಕಿನೊಳಕ್ಕೆ, ಸಣ್ಣಗೆ: "ಕೇಳಿಸ್ತು ಕಣೋ ಬೋರ. ಓವರ್." ಹೇಳಿ, ಉತ್ತರಕ್ಕೆ ಕಾಯುವವಳಂತೆ ಗುಂಡಿ ಬಿಟ್ಟು ಕೂತಿದ್ದಳು.

ಅಮ್ಮ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. "ಬ್ಯಾಡ ಅಂದಿದ್ದೇ ಬಂದದೆ" ಅಂದಳು.

*

ಅವತ್ತು ಮಾತಾಡಿದ ಬೊಂಬೆಗಳೆಲ್ಲ ಹೊಳಪು ಕಳೆದುಕೊಂಡು ಬೂದಿ ಬಡಿದಂತಾದವು. ಅಂಗಡಿ ಅಂಗಡಿಯ ಕುದುರೆ, ಆನೆ, ರೈಲುಗಳಿಗೆಲ್ಲ ಮತ್ತೆ ಅರಗು ಹಚ್ಚಬೇಕು. ಹಾಗಾಗಿ ಸಾಹೇಬರು ಮಾರನೆಯ ದಿನ ಬೆಳಗ್ಗೆಯೇ ನನ್ನನ್ನು ಕರೆಯಲು ಬಂದರು. ಕಾರ್ಖಾನೆಯಲ್ಲಿ ಈಗ ಒಂದು ಬೋರ್ಡು ನೇತುಬಿದ್ದಿದೆ: 'ಅರಗು ಹಚ್ಚುವಾಗ ಮಾತಾಡಬಾರದು'. ಮಿಕ್ಕವರೆಲ್ಲ ತುಟಿ ಹೊಲಿದುಕೊಂಡು ಕೆಲಸ ಮಾಡುತ್ತಾರೆ. ಸಾಹೇಬರು ಮಾತ್ರ ಯಾರೂ ಇಲ್ಲದಾಗ ಲೇತಿನ ಮುಂದೆ ಕೂತು ಗುಣುಗುಣು ಏನೋ ಹೇಳಿಕೊಳ್ಳುತ್ತಾರೆ. ನಾನು ಕೇಳಿಸಿಕೊಳ್ಳುವುದಿಲ್ಲ, ಅದು ನನಗೆ ಹೇಳಿದ್ದಲ್ಲ.

ತೊಟ್ಟಿಲ ಕಾಲಿನ ಬುಡದಲ್ಲಿ ಒಂದು ಬೆರಳಿನಷ್ಟು ಹಸಿರು ಇನ್ನೂ ಉದುರದೆ ಉಳಿದಿದೆ. ಒಣಗಿಸಿ, ಇನ್ನೊಂದೇ ಒಂದು ಸಲ ಒತ್ತುತ್ತೇನೆ ಅಂತ ಅತ್ತೆ ದಿನಾ ಪೀಡಿಸುತ್ತಾಳೆ. ಅಮ್ಮ ಅದನ್ನು ತನ್ನ ರೇಷ್ಮೆ ಸೀರೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾಳೆ.

"ಇರ್ಲಿ ಬಿಡಿ ಅತ್ಗೆ" ಅನ್ನುತ್ತಾಳೆ. "ಎಲ್ಲಾನೂ ಒಂದೇ ಸಲ ಕೇಳ್ಬಿಟ್ರೆ ಆಮೇಲಕ್ಕೆ?"

ನಾನು ಬೋರ್ಡಿನ ಕೆಳಗೇ ಕೂತು ಮಾತಾಡುತ್ತ ಅರಗು ಹಚ್ಚುತ್ತೇನೆ. ಯಾವ ಬೊಂಬೆ ಯಾರ ಮನೆ ಸೇರುತ್ತದೋ, ಯಾವ ಕಾಲಕ್ಕೆ ಯಾರು ಗುಂಡಿ ಒತ್ತುತ್ತಾರೋ. ಊಟ ಆಯಿತಾ ಅಂತ ಮೊದಲು ಕೇಳುತ್ತೇನೆ. ಆಮೇಲೆ ಟೀ ವಿಷಯಕ್ಕೆ ಬರುತ್ತೇನೆ. ಯಾಕೆಂದರೆ ಇಷ್ಟೆಲ್ಲ ಆದಮೇಲೂ ಲೋಟ ಅದೇ ಇದೆ.