ಸ್ಪೀಕರ್ ಕುಂಡ್ರಿಸಾವನ ಫಜೀತಿ

ಹಾನಗಲ್ಲಾಗ ಕುಂತು ಮನ್ಯಾಗ ಹಾಡು ಕೇಳೂ ತುಟ್ಟಿ ಸ್ಪೀಕರ್ ಮಾರಾವನ ಬಾಳೇದಾಗ ತಮಾಷಿಗೇನ್ ಬರಗಾಲ ಇಲ್ಲ ಬಿಡ್ರಿ. "ಮದುವಿಗೆ ಬಾಡಗಿ ಕೊಡ್ತೀರೇನ್ರಿ?" ಅಂತ ಕೇಳಾವರ ಭಾಳ. ನಾ ಸಿಟ್ಟಿಗೇಳಂಗಿಲ್ಲ. ನನ್ನ ಹೆಂಡತಿ ಹೇಳೋದು ಬ್ಯಾರೆ.

ನಂದು ಒಂದ ಮಾತು. ಶಿಗ್ಗಾಂವಿ ಇರ್ಲಿ, ಹಿರೇಕೆರೂರು ಇರ್ಲಿ, ಮನಿಗೆ ಬಂದು, ಖೋಲಿ ನೋಡಿ, ಜಾಗಾ ಹುಡುಕಿ ಸ್ಪೀಕರ್ ಕುಂಡ್ರಿಸಿ ಕೊಡ್ತೇನಿ. ಕಿವಿಗೆ ಒಪ್ಪಲಿಲ್ಲಂದ್ರ ನಾನ ಹೊತಗೊಂಡು ಹೋಗ್ತೇನಿ. ಒಂದರ ವಾಪಸ್ ಬಂದಿದ್ರ ಕೇಳ್ರಿ! ಎದಿ ತಟ್ಟಿ ಹೇಳ್ತೇನಿ, ಬಂದಿಲ್ಲ.

ಬಂಕಾಪುರದ ಕಿಡಕಿ

ಬಂಕಾಪುರದ ಕಿರಾಣಿ ಸಾವಕಾರ್ರ ಮನ್ಯಾಗ ಎರಡೂ ಸ್ಪೀಕರ್ ಅವರ ಕುರ್ಚಿ ಕಡೆ ಮಾರಿ ಮಾಡಿ ಇಟ್ಟು ಬಂದಿದ್ದೆ. ವಾರ ಬಿಟ್ಟು ಹೋದ್ರ ಎರಡೂ ಕಿಡಕಿ ಕಡೆ ತಿರುಗಿ ನಿಂತಾವು!

"ಇದೇನ್ರಿ ಸಾವಕಾರ್ರ, ಕೇಳಾವ್ರು ನೀವು ಒಳಗ ಇರಾವ್ರು!"

"ನಾ ಒಬ್ಬನ ಕೇಳಿದ್ರ ಓಣಿ ಮಂದಿಗೆ ಗೊತ್ತಾಗೋದು ಹೆಂಗ? ಅದಕ್ಕ ನಾನೂ ಹೊರಗ ಕಟ್ಟಿ ಮ್ಯಾಲ ಕುಂತು ಕೇಳ್ತೇನಿ."

ಅಕ್ಕಿಆಲೂರಿನ ಚೀಲ

ಅಕ್ಕಿಆಲೂರಿನ ರೈಸ್ ಮಿಲ್ ಮಾಲಕರು ಫೋನಿನ್ಯಾಗ ಬೈದ್ರು. "ನಿನ್ನ ಸ್ಪೀಕರ್ ಕೆಟ್ಟಾವೋ ಮಾರಾಯಾ, ಬರೇ ಗದಗದ ಅಂತಾವು. ಬಂದು ಒಯ್ಯಿ."

ನನ್ನ ಜೀವಾನ ಹಾರಿತು. ಅವರ ಮನಿಗೆ ಓಡಿ ಹೋದೆ. ವಾಯರ್ ಬರೋಬರಿ ಐತಿ, ಸ್ಪೀಕರ್ ಜಾಗಾ ಬಿಟ್ಟು ಕದಲಿಲ್ಲ. ಹಿಂದ ನೋಡ್ತೇನಿ, ಮೂಲಿ ಖಾಲಿ! ನಾ ಕುಂಡ್ರಿಸಿದಾಗ ಅಲ್ಲೆ ಭತ್ತದ ಚೀಲ ಒಟ್ಟಿದ್ರು. ದಪ್ಪ ದನಿ ಗ್ವಾಡಿಗೆ ಬಡದು ಗದ್ದಲ ಮಾಡದಂಗ ಅವು ನುಂಗತಿದ್ವು. ಅದನ್ನ ನೋಡೇ ನಾ ಜಾಗಾ ಗೊತ್ತು ಮಾಡಿದ್ದೆ.

"ಚೀಲ ಎಲ್ಲಿ ಹೋದ್ವುರಿ?"

"ರೇಟ್ ಬಂತು, ಮಾರಿದೆ."

ಮಿಲ್ಲಿನಿಂದ ಬ್ಯಾರೆ ಚೀಲ ತರಿಸಿ ಒಟ್ಟಿಸಿದೆ. ದನಿ ಮೊದಲಿನಂಗ ತಿಳಿಯಾತು. ಈಗ ಯಾರರ ಆ ಮೂಲಿಗೆ ಹೋದ್ರ ಸಾಕು, ಮಾಲಕರು ಒದರ್ತಾರ: "ಏ, ಮುಟ್ಟಬ್ಯಾಡ! ಅವು ಮಾರೂ ಚೀಲ ಅಲ್ಲ, ಕೇಳೂ ಚೀಲ!"

ಸವಣೂರಿನ ಅಪ್ಪಾರು

ಸವಣೂರಾಗ ಸ್ಪೀಕರ್ ತರಿಸಿದಾವ ಮಗ. ಆದ್ರ ಆ ಮನ್ಯಾಗ ಅವರಪ್ಪ ಹೂಂ ಅಂದ್ರ ಹೂಂ, ಒಲ್ಲೆ ಅಂದ್ರ ಒಲ್ಲೆ. ಅಪ್ಪಾರದು ಜನ್ಮ ಪೂರ್ತಿ ಭಜನಿ ಮೇಳದಾಗ ಪಳಗಿದ ಕಿವಿ. ಅವರ ಮುಂದ ನಂದೂ ಪರೀಕ್ಷಾ ಆಗಿತ್ತು.

ಕುರ್ಚಿಗೆ ತಕ್ಕಂಗ ಸ್ಪೀಕರ್ ಇಟ್ಟೆ. ಅಪ್ಪಾರು ಬಂದು ಜಮಖಾನಿ ಮ್ಯಾಲ ಕುಂತ್ರು. "ಅಪ್ಪ ಕೆಳಗ ಕುಂತಾಗ ನಾ ಹೆಂಗ ಕುರ್ಚಿ ಏರ್ಲಿ?" ಅಂತ ಮಗನೂ ಕೆಳಗ ಕುಂತ. ದನಿ ಎಲ್ಲಾ ಇಬ್ಬರ ತಲಿ ಮ್ಯಾಲ ಹಾರಿ ಹೋಗಾಕತ್ತು! ಸ್ಪೀಕರಿನ ಹಿಂದಿನ ಕಾಲಿಗೆ ಕಟಗಿ ತುಂಡು ಕೊಟ್ಟು ಮುಂದಕ್ಕ ಬಾಗಿಸಿದೆ. ಎರಡೂ ಅಪ್ಪಾರಿಗೆ ಶರಣು ಮಾಡಿದಂಗ ನಿಂತ್ವು. ದನಿ ಎಡಬಲದಿಂದ ಅಲ್ಲ, ಹಾಡಾವ ಎರಡರ ನಟ್ಟನಡುವ ಎದುರಿಗೇ ಬಂದು ಕುಂತಂಗ ಕೇಳಬೇಕು ಅನ್ನೋದು ನನ್ನ ಹಟ. ಬೆರಳಷ್ಟ ಬೆರಳಷ್ಟ ಸರಿಸಿ ಬೆವರು ಸುರಿಸಿದೆ.

ವಚನ ಹಚ್ಚಿದೆ. ಅಪ್ಪಾರು ಕಣ್ಣು ಮುಚ್ಚಿ ತಲಿ ತೂಗಿದ್ರು. ಆಮ್ಯಾಲ ಕಣ್ಣು ತಗದು ಬಲಕ್ಕ ನೋಡಿದ್ರು, ಎಡಕ್ಕ ನೋಡಿದ್ರು, ಮಾರಿ ಗಂಟಿಕ್ಕಿದ್ರು.

"ತಮ್ಮಾ, ಇವೆರಡನ್ನೂ ಒಯ್ಯಿ."

ಮಗನ ಮಾರಿ ಬಾಡಿತು.

"ಯಾಕ್ರೀ ಅಪ್ಪಾರ, ಏನ್ ತಪ್ಪಾತ್ರಿ?"

ಅಪ್ಪಾರು ನಡುವಿನ ಖಾಲಿ ಗ್ವಾಡಿ ಕಡೆ ಕೈ ಮಾಡಿದ್ರು. "ಅಲ್ಲೋ, ಇವೆರಡೂ ಬಾಯಿ ಮುಚಗೊಂಡು ಸುಮ್ಮನ ನಿಂತಾವು. ದುಡಿಯಾಕತ್ತಿದ್ದು ನಡುವಿಂದು ಒಂದ. ಅದನ್ನಷ್ಟ ಇಟ್ಟು ಹೋಗು!"

ನನ್ನ ವಿದ್ಯಾಕ್ಕ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಯಾರು ಕೊಡ್ತಾರ್ರಿ? ಉಬ್ಬಿ ಹೋದೆ.

"ಮೂರೂ ಇರ್ಲಿ ತಗೋರಿ ಅಪ್ಪಾರ," ಅಂದೆ, "ನಡುವಿಂದು ಪುಕ್ಕಟ."