ಸಾವಧಾನಪುರಕ್ಕೆ ಲಿನಕ್ಸ್ ಬಂದ ಬಗೆ

ಬಹಳ ಹಿಂದೆ, ಅಂದರೆ ಕರೆಂಟು ಹೋದರೆ ಸರ್ಕಾರವೂ ಹೋಗಿ, ಕರೆಂಟು ಬಂದಾಗ ಸರ್ಕಾರ ಮಾತ್ರ ಸ್ವಲ್ಪ ತಡವಾಗಿ ಬರುತ್ತಿದ್ದ ಕಾಲದಲ್ಲಿ, ಸಾವಧಾನಪುರ ಎಂಬ ರಾಜ್ಯವಿತ್ತು. ಅದನ್ನು ಶ್ರೀಮನ್ಮಹಾರಾಜ ಅಚಲಕೀರ್ತಿಯವರು ಆಳುತ್ತಿದ್ದರು. ಆಳುತ್ತಿದ್ದರು ಎಂಬುದಕ್ಕೆ ಸಾಕ್ಷಿಯಾಗಿ ರಾಜಧಾನಿಯ ಪ್ರತಿ ಕಂಬದಲ್ಲೂ ಅವರ ಫ್ಲೆಕ್ಸ್ ಇತ್ತು. ಓದುಗ ಮಹಾಶಯರು ಈ ರಾಜ್ಯವನ್ನು ಭೂಪಟದಲ್ಲಿ ಹುಡುಕುವ ಶ್ರಮ ತೆಗೆದುಕೊಳ್ಳಬಾರದು. ಓದುತ್ತ ಓದುತ್ತ ನಿಮಗೆ ಪರಿಚಯದ ಯಾವುದಾದರೂ ಕಚೇರಿ ನೆನಪಾದರೆ ಅದು ನಿಮ್ಮ ಜ್ಞಾಪಕಶಕ್ತಿಯೇ ಹೊರತು ನನ್ನ ತಪ್ಪಲ್ಲ.

ಸಾವಧಾನಪುರದ ಕಚೇರಿಗಳಲ್ಲಿ ಗಣಕಯಂತ್ರಗಳಿದ್ದವು. ಆಯುಧಪೂಜೆಯಂದು ಅವುಗಳಿಗೆ ಅರಿಶಿನ ಕುಂಕುಮ ಹಚ್ಚಿ ಬೂದುಗುಂಬಳಕಾಯಿ ಒಡೆದರೆ, ಮುಂದಿನ ಆಯುಧಪೂಜೆಯವರೆಗೆ ಯಾರೂ ಅವುಗಳ ಧೂಳು ಒರೆಸುತ್ತಿರಲಿಲ್ಲ. ಅವುಗಳ ಒಳಗೆ ವಿಂಡೋಸ್ ಇತ್ತು. ಯಾರದೋ ಭಾವಮೈದುನ ತಂದುಕೊಟ್ಟ ಒಂದೇ ಒಂದು ಸಿ.ಡಿ.ಯಿಂದ ಇಡೀ ರಾಜ್ಯದ ಯಂತ್ರಗಳಿಗೆ ಅದನ್ನು ತುಂಬಲಾಗಿತ್ತು. ಯಂತ್ರಗಳು ಆಗಾಗ ನಿಂತಲ್ಲೇ ನಿಂತುಬಿಡುತ್ತಿದ್ದವು. ಇದರಲ್ಲಿ ವಿಂಡೋಸಿನ ತಪ್ಪೇನೂ ಇರಲಿಲ್ಲ. ಕದ್ದು ತಂದು, ಧೂಳಿನಲ್ಲಿ ಕೂರಿಸಿ, ಮೇಲೆ ಟೀ ಚೆಲ್ಲಿ, ಸಾಲದ್ದಕ್ಕೆ ಮಂತ್ರಿಪುತ್ರನ ಮದುವೆಯ ವಿಡಿಯೊವನ್ನೂ ಹೊಟ್ಟೆಗೆ ತುರುಕಿದರೆ ಯಾರಾದರೂ ನಿಂತುಬಿಡುತ್ತಾರೆ.

ಆಗ ಗುಮಾಸ್ತರು ಕಿಟಕಿಯ ಆಚೆ ನಿಂತವರಿಗೆ, "ಸಿಸ್ಟಮ್ ಹ್ಯಾಂಗ್ ಆಗಿದೆ, ನಾಳೆ ಬನ್ನಿ" ಎನ್ನುತ್ತಿದ್ದರು. ಈ ಮಾತು ರಾಜ್ಯದಲ್ಲಿ ಎಷ್ಟು ಬಳಕೆಯಲ್ಲಿತ್ತೆಂದರೆ ಶಾಲೆಯಲ್ಲಿ ಮೇಷ್ಟರು ಹೋಂವರ್ಕ್ ಕೇಳಿದರೂ ಮಕ್ಕಳು ಅದನ್ನೇ ಹೇಳುತ್ತಿದ್ದವು.

ಹೀಗೆ ನಾಳೆ ಬಂದು ಬಂದು ಸುಸ್ತಾದವರಲ್ಲಿ ಚಿಕ್ಕತಾಯಮ್ಮ ಒಬ್ಬಳು. ಆಕೆಯ ಗಂಡ ಮರಿಸ್ವಾಮಿ ಪೇಟೆಬೀದಿಯ ಟೈಲರ್. ಸೂಜಿಗೆ ದಾರ ಪೋಣಿಸುವಾಗ ಒಂದು ದಿನ ಅವನ ಕಣ್ಣಮುಂದೆ ಕಪ್ಪು ತೆರೆಯೊಂದು ಇಳಿದಂತಾಯಿತು. ಕಣ್ಣಿನೊಳಗಿನ ಪರದೆ ಬಿಟ್ಟುಕೊಳ್ಳುತ್ತಿದೆ, ಬೇಗ ಆಪರೇಷನ್ ಆಗದಿದ್ದರೆ ಎರಡು ಕಣ್ಣೂ ಹೋಗುತ್ತವೆ ಎಂದು ಡಾಕ್ಟರು ಹೇಳಿದ್ದರು. ಅರಮನೆಯ ಆಸ್ಪತ್ರೆಯಲ್ಲಿ ಆಪರೇಷನ್ ಆಗಬೇಕಾದರೆ ಕಚೇರಿಯಿಂದ ಆರೋಗ್ಯ ಚೀಟಿ ಬೇಕಿತ್ತು. ಚೀಟಿ ಹ್ಯಾಂಗ್ ಆದ ಯಂತ್ರದೊಳಗಿತ್ತು.

ಹೀಗಿರಲಾಗಿ ಪಕ್ಕದ ರಾಜ್ಯದ ದೊರೆ ಸಾವಧಾನಪುರಕ್ಕೆ ಭೇಟಿಯಿತ್ತನು. ಸಿಂಹಾಸನದ ಹಿಂದೆ ದೊಡ್ಡ ಪರದೆ ಕಟ್ಟಿ, ಮಹಾರಾಜರ ಸಾಧನೆಗಳನ್ನು ಒಂದೊಂದಾಗಿ ತೋರಿಸಲಾಯಿತು. ಮಹಾರಾಜರು ಗಿಡ ನೆಟ್ಟದ್ದು, ಅದೇ ಗುಂಡಿಯಲ್ಲಿ ಮರುವರ್ಷವೂ ನೆಟ್ಟದ್ದು, ಎಲ್ಲ ಬಂತು. "ಇಂಥ ಪ್ರಭು ಮತ್ತೊಬ್ಬರಿಲ್ಲ" ಎಂದು ಹೊಗಳುಭಟರು ಕೂಗುವ ಹೊತ್ತಿಗೆ ಸರಿಯಾಗಿ ಪರದೆ ಕಪ್ಪಾಗಿ, ಮೂಲೆಯಲ್ಲಿ ಒಂದು ಒಕ್ಕಣೆ ಮೂಡಿತು: "ಈ ಪ್ರತಿ ಅಸಲಿಯಲ್ಲ."

ಪಕ್ಕದ ದೊರೆ ಕೆಮ್ಮಿದನು. ಅದು ನಗುವನ್ನು ತಡೆದ ಕೆಮ್ಮು ಎಂದು ಇಡೀ ಸಭೆಗೆ ತಿಳಿಯಿತು.

"ಯಾರು ಅಸಲಿಯಲ್ಲ?" ಎಂದು ಮಹಾರಾಜರು ಗುಡುಗಿದರು.

"ತಂತ್ರಾಂಶ, ಪ್ರಭು, ತಂತ್ರಾಂಶ" ಎಂದು ಮಹಾಮಂತ್ರಿ ತಥಾಸ್ತುರಾಯರು ನಡುಗುತ್ತ ಅರಿಕೆ ಮಾಡಿದರು. "ತಾವು ನೂರಕ್ಕೆ ನೂರು ಅಸಲಿ. ಬೇಕಾದರೆ ಈಗಲೇ ದೃಢೀಕರಣ ಪತ್ರ ಕೊಡಿಸುತ್ತೇನೆ. ಸಿಸ್ಟಮ್ ಸರಿಹೋದ ಕೂಡಲೇ."

ಹಳೆಯ ತಂತ್ರಾಂಶ ಕಿತ್ತುಹಾಕಿ ಬೇರೆ ತರತಕ್ಕದ್ದೆಂದು ಅಂದೇ ರಾಜಾಜ್ಞೆ ಹೊರಟಿತು. ದುಡ್ಡು ಕೊಟ್ಟು ಅಸಲಿ ಪ್ರತಿ ಕೊಳ್ಳುವ ಸಲಹೆಯನ್ನೂ ಒಬ್ಬ ಕೊಟ್ಟ. ಅವನನ್ನು ಗಡಿಭಾಗಕ್ಕೆ ವರ್ಗ ಮಾಡಲಾಯಿತು. ಬಳಿಕ ಯಾರೋ ತಾರಾನಾಥ ಎಂಬ ಯುವಕನನ್ನು ಕರೆತಂದರು. ಗಡ್ಡ, ಪೆಂಗ್ವಿನ್ ಚಿತ್ರದ ಟೀಶರ್ಟು, ಹೆಗಲಲ್ಲಿ ಲ್ಯಾಪ್‌ಟಾಪು. ಪೆಂಗ್ವಿನ್ ಲಿನಕ್ಸಿನ ಲಾಂಛನ, ಅವನು ಲಿನಕ್ಸ್ ಭಕ್ತ. ಟೈಮೆಷ್ಟು ಎಂದು ಕೇಳಿದರೂ ಸ್ವಾತಂತ್ರ್ಯದ ಬಗ್ಗೆ ಹೇಳುವವನು.

"ಪ್ರಭು, ಲಿನಕ್ಸ್ ಮುಕ್ತ ತಂತ್ರಾಂಶ. ಯಾರು ಬೇಕಾದರೂ ತಗೋಬಹುದು, ಒಳಗೆ ಏನಿದೆ ಅಂತ ನೋಡಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಹಂಚಬಹುದು."

"ಯಾರದ್ದು ಅದು?"

"ಯಾರೊಬ್ಬರದ್ದೂ ಅಲ್ಲ, ಎಲ್ಲರದ್ದು."

ಮಹಾರಾಜರಿಗೆ ಇದು ಸರಿಬರಲಿಲ್ಲ. ಯಾರದ್ದೂ ಅಲ್ಲದ ವಸ್ತುವನ್ನು ಉದ್ಘಾಟಿಸುವುದು ಹೇಗೆ, ಹಾರ ಹಾಕಿಸಿಕೊಳ್ಳುವುದು ಯಾರಿಂದ? ತಥಾಸ್ತುರಾಯರು ಕಿವಿಯಲ್ಲಿ ಪಿಸುಗುಟ್ಟಿದರು: "ಯಾರದ್ದೂ ಅಲ್ಲವೆಂದರೆ ತಮ್ಮದೇ ಎಂದು ಹೇಳಿಕೊಳ್ಳಲು ಅಡ್ಡಿಯಿಲ್ಲ, ಪ್ರಭು." ಕೂಡಲೇ ಮಹಾರಾಜರು ಮುಕ್ತತೆಯ ಪರವಾದರು.

ಇನ್ನು ಹಳೆಯ ತಂತ್ರಾಂಶಗಳಿಗೆ ಬದಲಿ ಹುಡುಕಬೇಕಿತ್ತು. ಅದಕ್ಕೆ ಬದಲಿ ಶೋಧನಾ ಸಮಿತಿ, ಸಮಿತಿಗೆ ಕಾರು, ಕಾರಿಗೆ ಕೆಂಪುದೀಪ. ತಾರಾನಾಥನಿಗೆ ಇವು ಯಾವುದೂ ಬೇಕಿರಲಿಲ್ಲ. ಪತ್ರ ಬರೆಯಲು, ಲೆಕ್ಕ ಹಾಕಲು ಲಿಬ್ರೆ ಆಫೀಸ್ ಹಾಕಿದ. ಮಹಾರಾಜರ ಫೋಟೊಗಳಲ್ಲಿ ಗಲ್ಲ ಕರಗಿಸಿ ತಲೆಗೂದಲು ಬೆಳೆಸಲು ಜಿಂಪ್ ಹಾಕಿದ. ಮಧ್ಯಾಹ್ನದ ಮೇಲಿನ ಆಡಳಿತವೆಲ್ಲ ಇಸ್ಪೀಟಿನ ಆಟದಿಂದಲೇ ನಡೆಯುತ್ತಿದ್ದುದರಿಂದ ಅದಕ್ಕೂ ಬದಲಿ ಹುಡುಕಿದ. ಹೊಸ ಇಸ್ಪೀಟಿನ ರಾಣಿ ಹಳೆಯ ರಾಣಿಯಷ್ಟು ಚೆಲುವೆಯಲ್ಲವೆಂದು ಕಂದಾಯ ಇಲಾಖೆ ಎರಡು ದಿನ ಮುನಿಸಿಕೊಂಡು ಆಮೇಲೆ ಒಗ್ಗಿಕೊಂಡಿತು. ಲಿನಕ್ಸಿಗೆ ವೈರಸ್ ಕಾಟ ಕಡಿಮೆಯಾದ್ದರಿಂದ ವೈರಸ್ ನಿರ್ಮೂಲನಾ ಮಂಡಳಿಗೆ ಮಾತ್ರ ಕೆಲಸವಿಲ್ಲದಂತಾಯಿತು. ಅದನ್ನು ಮುಚ್ಚುವಂತಿರಲಿಲ್ಲ, ಅಧ್ಯಕ್ಷರು ಮಹಾರಾಣಿಯವರ ಸೋದರಮಾವ. ವೈರಸ್ ಸಿಗುವವರೆಗೂ ಕಾದಿರತಕ್ಕದ್ದೆಂದು ಅವರಿಗೆ ಆದೇಶವಾಯಿತು.

ಗುಮಾಸ್ತ ಹೊಂಬಾಳಯ್ಯ ಒಬ್ಬರು ತುಂಬ ಕಷ್ಟಪಟ್ಟರು. ಆರೋಗ್ಯ ಚೀಟಿಯ ಕಿಟಕಿ ಅವರದು. "ನಂಗೆ ಇದರ ಹೆಸರೆಲ್ಲ ಗೊತ್ತಿಲ್ಲಪ್ಪ. ಎಡಗಡೆ ಮೇಲಿಂದ ಮೂರನೇ ಚಿತ್ರ ಒತ್ತೋದು, ಅಷ್ಟೇ ಸರ್ವಿಸ್ ಪೂರ್ತಿ ಮಾಡಿರೋದು" ಎಂದರು. ತಾರಾನಾಥ ಅದೇ ಜಾಗಕ್ಕೆ ಹೊಸ ಚಿತ್ರ ತಂದಿಟ್ಟ. ಹೊಂಬಾಳಯ್ಯನವರು ಅಂದಿನಿಂದ ಲಿನಕ್ಸ್ ಪರಿಣತರಾದರು.

ಆಮೇಲೆ ಯಾರೂ ಎಣಿಸದ ಅನಾಹುತವಾಯಿತು. ಯಂತ್ರಗಳು ಕೆಲಸ ಮಾಡತೊಡಗಿದವು.

ತಾರಾನಾಥ ಧೂಳು ಕೊಡವಿ, ಮದುವೆಯ ವಿಡಿಯೊ ಅಳಿಸಿ, ಎಲ್ಲವನ್ನೂ ಹೊಸದಾಗಿ ಹಾಕಿದ್ದರಿಂದ ಒಂದೂ ನಿಲ್ಲಲಿಲ್ಲ. ಸ್ವಿಚ್ಚು ಒತ್ತಿ ಟೀಗೆ ಹೋಗುತ್ತಿದ್ದ ಗುಮಾಸ್ತರು ಕುರ್ಚಿಯಿಂದ ಏಳುವಷ್ಟರಲ್ಲಿ ಯಂತ್ರ ಸಿದ್ಧವಾಗಿ ಅವರ ಮುಖ ನೋಡುತ್ತಿತ್ತು. ಸಾಲುಗಳು ಕರಗಿದವು. ಕಚೇರಿಯ ಗೇಟಿನಲ್ಲಿ ಚುರುಮುರಿ ಮಾರುವವನು ಗಿರಾಕಿಯಿಲ್ಲದೆ ಬಸ್‌ಸ್ಟ್ಯಾಂಡಿಗೆ ಹೋದ. ಅವನ ಹಿಂದೆಯೇ ದಲ್ಲಾಳಿಗಳೂ ಹೋದರು.

ಚಿಕ್ಕತಾಯಮ್ಮ ಎಂದಿನಂತೆ ಸೆರಗಿನಲ್ಲಿ ತಿಂಡಿ ಕಟ್ಟಿಕೊಂಡು ಬಂದವಳು, ಸಾಲೇ ಇಲ್ಲದ್ದು ಕಂಡು ಇವತ್ತು ರಜೆಯೇನೋ ಎಂದು ವಾಪಸು ಹೊರಟಿದ್ದಳು. ಹೊಂಬಾಳಯ್ಯನವರೇ ಕೂಗಿ ಕರೆದರು.

"ಬಾರಮ್ಮ ಇಲ್ಲಿ. ನಿನ್ನ ಅರ್ಜಿ ಬಂದೈತೆ ನೋಡು."

"ನಿಜವಾ ಸ್ವಾಮಿ? ಹ್ಯಾಂಗ್ ಆಗಿಲ್ವಾ?"

"ಆಗ್ತಾನೇ ಇಲ್ಲ ಕಣಮ್ಮ, ಏನು ಮಾಡ್ಲಿ" ಎಂದರು ಹೊಂಬಾಳಯ್ಯ. ಅವರ ದನಿಯಲ್ಲಿ ಅಸಹಾಯಕತೆಯಿತ್ತು. "ನಿನ್ನ ಯಜಮಾನ್ರ ಹೆಬ್ಬೆಟ್ಟು ಒಂದು ಬೇಕು. ನಾಳೆ ಅವರನ್ನ ಕರ್ಕೊಂಡು ಬಾ, ಕೈಯಲ್ಲಿ ಚೀಟಿ ಕೊಟ್ಟು ಕಳಿಸ್ತೀನಿ."

ಆಕೆ ಜೀವಮಾನದಲ್ಲಿ ಮೊದಲ ಸಲ ನಾಳೆ ಎಂಬ ಮಾತನ್ನು ಕೇಳಿ ಖುಷಿಪಟ್ಟಳು. ಮನೆಗೆ ಹೋದವಳೇ ಮರಿಸ್ವಾಮಿಗೆ, "ನಾಳಿಕ್ಕೆ ಚೀಟಿ ಸಿಗ್ತದೆ ಕಣ್ರೀ. ಕಣ್ಣು ಉಳ್ಕತ್ತದೆ" ಎಂದಳು. ಅವನಿಗೆ ಆಗ ಆಕೆಯ ಮುಖದ ಅರ್ಧ ಇನ್ನೂ ಕಾಣುತ್ತಿತ್ತು.

ಅದೇ ದಿನ ಅರಮನೆಯಲ್ಲಿ ಜನತಾದರ್ಶನ. ಮಹಾರಾಜರು ಮುಖಕ್ಕೆ ಕರುಣೆ ಹಚ್ಚಿಕೊಂಡು ಕುಳಿತರು. ಒಬ್ಬನೂ ಬರಲಿಲ್ಲ. ಅರ್ಜಿ ಹಿಡಿದು ಅಳುವವರಿಲ್ಲ, ಕಾಲಿಗೆ ಬೀಳುವವರಿಲ್ಲ. ಫೋಟೊ ತೆಗೆಯುವವನು ನಾಯಿಯೊಂದರ ಫೋಟೊ ತೆಗೆದು ಮನೆಗೆ ಹೋದ.

"ನಮ್ಮ ಪ್ರಜೆಗಳಿಗೆ ಏನಾಗಿದೆ?" ಎಂದು ಮಹಾರಾಜರು ನೊಂದು ಕೇಳಿದರು.

"ಕೆಲಸ ಆಗಿದೆ, ಪ್ರಭು" ಎಂದರು ತಥಾಸ್ತುರಾಯರು. "ಕಿಟಕಿಯಲ್ಲೇ ಆಗಿಬಿಡುತ್ತಿದೆ. ನನ್ನ ಮನೆ ಬಾಗಿಲಲ್ಲೂ ಶಿಫಾರಸು ಕೇಳುವ ಒಬ್ಬ ಬಡವನಿಲ್ಲ. ನನ್ನ ಹೆಂಡತಿ, 'ನೀವಿನ್ನೂ ಮಂತ್ರಿಯಾಗಿದ್ದೀರಾ?' ಎಂದು ಕೇಳುತ್ತಿದ್ದಾಳೆ. ಹೀಗೇ ಹೋದರೆ, ಕ್ಷಮಿಸಬೇಕು, ತಾವಿರುವುದೂ ಜನಕ್ಕೆ ಮರೆತುಹೋದೀತು."

ಸಂಜೆಯೇ ತುರ್ತುಸಭೆ ಸೇರಿತು. ಹಳೆಯದಕ್ಕೆಲ್ಲ ಬದಲಿ ಸಿಕ್ಕಿದ್ದರೂ ಒಂದನ್ನು ಸಮಿತಿ ಮರೆತೇಬಿಟ್ಟಿತ್ತೆಂದು ಅಲ್ಲಿ ಬೆಳಕಿಗೆ ಬಂತು. ಅದು ಹ್ಯಾಂಗ್. ರಾಜ್ಯದ ಆಡಳಿತವೆಲ್ಲ ಅದರ ಮೇಲೆ ನಿಂತಿತ್ತು, ಆದರೆ ಅದಕ್ಕೆ ಚಿತ್ರವಿರಲಿಲ್ಲವಾಗಿ ಯಾರ ಗಮನಕ್ಕೂ ಬಂದಿರಲಿಲ್ಲ.

ಮಹಾರಾಜರು ತಾರಾನಾಥನ ಕಡೆ ತಿರುಗಿದರು. "ಇದಕ್ಕೊಂದು ಬದಲಿ ಮಾಡಿಕೊಡು."

ತಾರಾನಾಥನ ಗಡ್ಡ ಕಂಪಿಸಿತು. "ಪ್ರಭು, ನೆಟ್ಟಗಿರೋದನ್ನ ಕೆಡಿಸೋಕೆ ತಂತ್ರಾಂಶ ಬರೆಯೋದಾ? ಇದು ನನ್ನ ತತ್ತ್ವಕ್ಕೆ ವಿರುದ್ಧ."

"ಯಾವ ತತ್ತ್ವ? ಮುಚ್ಚುಮರೆ ಇರಬಾರದು, ಅಲ್ಲವೆ? ಮುಕ್ತವಾಗಿಯೇ ಬರೆ. ತಮ್ಮ ಕೆಲಸ ಯಾಕೆ ಆಗುತ್ತಿಲ್ಲ ಎಂಬುದನ್ನು ಪ್ರತಿ ಪ್ರಜೆಯೂ ಸಾಲುಸಾಲಾಗಿ ಓದಿ ತಿಳಿಯಲಿ. ಇಂಥ ಪಾರದರ್ಶಕತೆ ಯಾವ ರಾಜ್ಯದಲ್ಲಿದೆ?"

"ಆಸ್ಥಾನ ತಂತ್ರವಿದ್ವಾನ್ ಎಂಬ ಬಿರುದು, ಒಂದು ಬಂಗಲೆ, ಪೆಂಗ್ವಿನ್ ಚಿತ್ರವಿರುವ ಜರತಾರಿ ಶಾಲು" ಎಂದು ತಥಾಸ್ತುರಾಯರು ಸೇರಿಸಿದರು.

ತಾರಾನಾಥ ಅಂತರಾತ್ಮವನ್ನು ವಿಚಾರಿಸಿದ. ಅದು ಶಾಲಿನ ಬಣ್ಣ ಯಾವುದೆಂದು ಕೇಳಿತು. ನನಗೆ ಈ ರಾಜನ ಮೇಲೆ ಅಷ್ಟೇನೂ ಸಿಟ್ಟಿಲ್ಲ, ಅವನು ಹುಟ್ಟಿದ್ದೇ ಹಾಗೆ. ಈ ಗಡ್ಡದವನ ಮೇಲಿನದು ಮಾತ್ರ ಇವತ್ತಿಗೂ ಆರಿಲ್ಲ. ಅವನು ಅಲ್ಲೇ ನೆಲದ ಮೇಲೆ ಕೂತು ಲ್ಯಾಪ್‌ಟಾಪು ತೆರೆದ. ಬೆಳಗ್ಗೆ ಕಚೇರಿಗಳ ಬಾಗಿಲು ತೆರೆಯುವ ಹೊತ್ತಿಗೆ ತಂತ್ರಾಂಶ ರಾಜ್ಯದ ಮೂಲೆಮೂಲೆಗೂ ತಲುಪಿತ್ತು. ಅದಕ್ಕೆ ಮಹಾರಾಜರ ಹೆಸರನ್ನೇ ಇಟ್ಟು 'ಅಚಲ' ಎಂದು ಕರೆಯಲಾಯಿತು. ತಮಗೇನೋ ಕೆಲಸ ಸಿಕ್ಕಿತೆಂದು ವೈರಸ್ ನಿರ್ಮೂಲನಾ ಮಂಡಳಿಯವರು ಓಡಿಬಂದರು. ಇದು ವೈರಸ್ ಅಲ್ಲ, ರಾಜಾಜ್ಞೆ ಎಂದು ತಿಳಿಸಿ ಅವರನ್ನು ಮತ್ತೆ ಕೂರಿಸಲಾಯಿತು.

ಚಿಕ್ಕತಾಯಮ್ಮ ಗಂಡನ ಕೈಹಿಡಿದು ಬಂದಳು. ಮರಿಸ್ವಾಮಿ ಇಸ್ತ್ರಿ ಮಾಡಿದ ಶರ್ಟು ಹಾಕಿದ್ದ. ಹೊಂಬಾಳಯ್ಯನವರು ಎಡಗಡೆ ಮೇಲಿಂದ ಮೂರನೇ ಚಿತ್ರ ಒತ್ತಿದರು. ಪರದೆಯ ಮೇಲೆ ಮಹಾರಾಜರ ನಗುಮುಖ ಮೂಡಿತು, ಅದರ ಸುತ್ತ ಒಂದು ಚಕ್ರ ತಿರುಗತೊಡಗಿತು.

"ಹ್ಯಾಂಗ್ ಆಗಿದೆ ಕಣಮ್ಮ" ಎಂದರು ಹೊಂಬಾಳಯ್ಯ. ಈ ಸಲ ಅವರ ದನಿ ಹಗುರವಾಗಿತ್ತು. "ನಾಳೆ ಬನ್ನಿ."

"ನೆನ್ನೆ ಚೆನ್ನಾಗಿತ್ತಲ್ಲ ಸ್ವಾಮಿ!"

"ನೆನ್ನೆ ಅಪ್‌ಡೇಟ್ ಆಗಿರ್ಲಿಲ್ಲ."

ಕಾಯೋಣ ಎಂದು ಇಬ್ಬರೂ ಸಂಜೆವರೆಗೆ ಮೆಟ್ಟಿಲ ಮೇಲೆ ಕುಳಿತರು. ಚುರುಮುರಿಯವನು ಬಸ್‌ಸ್ಟ್ಯಾಂಡಿನಿಂದ ವಾಪಸು ಬಂದಿದ್ದ. "ಏನು ಕಾಣ್ತದೆ ಒಳಗೆ?" ಎಂದು ಮರಿಸ್ವಾಮಿ ಆಗಾಗ ಕೇಳುತ್ತಿದ್ದ. "ಮಾರಾಜ್ರು ನಗ್ತಾ ಅವ್ರೆ" ಎನ್ನುತ್ತಿದ್ದಳು ಚಿಕ್ಕತಾಯಮ್ಮ. ಮರುದಿನವೂ ಮಹಾರಾಜರು ನಗುತ್ತಿದ್ದರು. ಮಂತ್ರಿಗಳ ಶಿಫಾರಸು ತಂದವರ ಅರ್ಜಿ ಮಾತ್ರ ಹೇಗೋ ಸರಾಗವಾಗಿ ಹೋಗುತ್ತಿತ್ತು. ಆಕೆಯೂ ತಥಾಸ್ತುರಾಯರ ಮನೆ ಬಾಗಿಲಿಗೆ ಹೋದಳು, ಆದರೆ ಅಷ್ಟರಲ್ಲಿ ಅಲ್ಲಿನ ಸಾಲು ಮೂರು ಬೀದಿ ದಾಟಿತ್ತು.

ಆ ಸಾಲಿನಲ್ಲಿ ನಿಂತು ನಿಂತು ಒಂದು ಸಂಜೆ ಆಕೆ ಮನೆಗೆ ಬಂದಾಗ, ಮರಿಸ್ವಾಮಿ ಹೊಲಿಗೆ ಯಂತ್ರದ ಮುಂದೆ ಸುಮ್ಮನೆ ಕುಳಿತಿದ್ದ. "ದೀಪ ಹಚ್ಚೇ" ಎಂದ. ದೀಪ ಹಚ್ಚಿಯೇ ಇತ್ತು.

ಇತ್ತ ಅಚಲದ ಕೀರ್ತಿ ಹಬ್ಬಿತು. ಮುಕ್ತ ತಂತ್ರಾಂಶವಾದ್ದರಿಂದ ನೆರೆಯ ರಾಜ್ಯಗಳೆಲ್ಲ ಬಿಟ್ಟಿಯಾಗಿ ಇಳಿಸಿಕೊಂಡವು. ಅಂದು ಕೆಮ್ಮಿದ ದೊರೆಯೇ ಮೊದಲು ಇಳಿಸಿಕೊಂಡು ಅಭಿನಂದನಾ ಪತ್ರ ಬರೆದನು. ಸಾವಧಾನಪುರದಲ್ಲಿ ಅಚಲದ ವಾರ್ಷಿಕೋತ್ಸವಕ್ಕೆ ಶಾಮಿಯಾನ ಹಾಕಿಸಿ, ತಾಳ್ಮೆಯಿಂದ ಕಾದ ಪ್ರಜೆಯೊಬ್ಬರಿಗೆ ಮಹಾರಾಜರು ಸ್ವಹಸ್ತದಿಂದ ಸವಲತ್ತು ವಿತರಿಸುವುದೆಂದು ತೀರ್ಮಾನವಾಯಿತು. ಹೊಂಬಾಳಯ್ಯನವರಿಗೆ ನೆನಪಾದದ್ದು ಒಂದೇ ಹೆಸರು.

ಚಿಕ್ಕತಾಯಮ್ಮ ಗಂಡನನ್ನು ನಡೆಸಿಕೊಂಡು ವೇದಿಕೆ ಹತ್ತಿದಳು. ಮಹಾರಾಜರು ಕರುಣೆಯಿಂದ ಕಣ್ಣಿನ ಆಪರೇಷನ್ನಿನ ಚೀಟಿಯನ್ನು ಮರಿಸ್ವಾಮಿಯ ಕೈಗಿಟ್ಟರು. ತಾರಾನಾಥ ಶಾಲು ಹೊದ್ದು ಚಪ್ಪಾಳೆ ತಟ್ಟಿದ.

"ಇದ್ಯಾತಕ್ಕೆ ಸ್ವಾಮಿ ಈಗ?" ಎಂದು ಚಿಕ್ಕತಾಯಮ್ಮ ಕೇಳಿದಳು. ವಾಲಗದ ಸದ್ದಿನಲ್ಲಿ ಅದು ಯಾರಿಗೂ ಕೇಳಲಿಲ್ಲ.

"ಯಜಮಾನ್ರೇ, ಸ್ವಲ್ಪ ಕ್ಯಾಮೆರಾ ಕಡೆ ನೋಡಿ" ಎಂದ ಫೋಟೊದವನು. ಮರಿಸ್ವಾಮಿ ದನಿ ಬಂದ ಕಡೆಗೆ ಮುಖ ತಿರುಗಿಸಿದ.

ಮರುದಿನ ಪ್ರತಿ ಕಂಬದಲ್ಲೂ ಆ ಫೋಟೊದ ಫ್ಲೆಕ್ಸ್ ನೇತಾಡಿತು. ಅದರ ಖರ್ಚಿಗೆಂದು ರಾಜ್ಯದ ಪ್ರತಿ ಮನೆಯ ಮೇಲೂ ತಾಳ್ಮೆ ಸೆಸ್ ಬಿತ್ತು. ಚಿಕ್ಕತಾಯಮ್ಮನೂ ಕಟ್ಟಲು ಹೋದಳು. ಹ್ಯಾಂಗ್ ಆಗಿರಬಹುದೆಂದು ಸೆರಗಿನಲ್ಲಿ ತಿಂಡಿ ಕಟ್ಟಿಕೊಂಡು ಬೆಳಗ್ಗೆಯೇ ಹೋದಳು. ಆದರೆ ದುಡ್ಡು ಕಟ್ಟಿಸಿಕೊಳ್ಳುವ ಕಿಟಕಿಯ ಯಂತ್ರದಲ್ಲಿ ಅಚಲವನ್ನು ಹಾಕಿರಲಿಲ್ಲ. ಆಕೆ ನೋಟು ನೀಡುವ ಮೊದಲೇ ರಸೀದಿ ಹೊರಗೆ ಬಂತು.