ಮುಯ್ಯಿಗೂ ವೀಸಾ

ಹೊನ್ನಪ್ಪ: ಬರಿಯಲಾ ಅಂದ್ರೆ ಬರಿ! ಯಾಕೆ ಓಯ್ತಿದೀಯ ಅಂತ ಕೇಳವ್ರೆ, ಮುಯ್ಯಿ ತೀರ್ಸಾಕೆ ಅಂತ ಬರಿ.

ಮಂಚಯ್ಯ: ಲೇ ಹೊನ್ನ, ಅಂಗೆಲ್ಲ ಬರೆಯಾಕಾಗಕಿಲ್ಲ ಕಣ್ಲಾ. ಪ್ರವಾಸ, ವ್ಯಾಪಾರ, ಓದು, ಕಾಯಿಲೆ, ನಾಕೇ ಮನೆ ಕೊಟ್ಟವ್ರೆ ಅರ್ಜೀಲಿ. ಮುಯ್ಯಿಗೆ ಮನೆ ಇಲ್ಲ.

ಹೊನ್ನಪ್ಪ: ಇಲ್ದಿದ್ರೆ ಐದನೇದು ಗೀರು. ನಿನ್ತಾವ ಸ್ಕೇಲ್ ಇಲ್ವಾ?

ಮಂಚಯ್ಯ ಶ್ರೀರಂಗಪಟ್ಟಣದ ತಾಲೂಕು ಕಚೇರಿ ಮುಂದಿನ ಹೊಂಗೆ ಮರದಡಿ ಟೈಪು ಮಿಷನ್ನು ಇಟ್ಟುಕೊಂಡು ಇಪ್ಪತ್ತು ವರ್ಷದಿಂದ ಊರವರ ಅರ್ಜಿ ಬರೆದುಕೊಡುವವನು. ವೀಸಾ ಅರ್ಜಿ ಇದೇ ಮೊದಲು. ಆದರೆ ‘ಗೊತ್ತಿಲ್ಲ’ ಅಂತ ಅವನು ಜನ್ಮದಲ್ಲಿ ಅಂದವನಲ್ಲ. ಅರಕೆರೆಯ ಹೊನ್ನಪ್ಪ ಕೋಟೆ ಹತ್ತಿರ ಎಳನೀರು ಮಾರುತ್ತಾನೆ. ಇಬ್ಬರೂ ಮಿಡ್ಲ್ ಸ್ಕೂಲಿನಲ್ಲಿ ಒಂದೇ ಬೆಂಚು. ತೊಂಬತ್ತೆರಡರಲ್ಲಿ ಎಳನೀರು ಕುಡಿಯಲು ಬಂದ ಇಂಗ್ಲೆಂಡಿನವನೊಬ್ಬನನ್ನು ಹೊನ್ನಪ್ಪ ತನ್ನ ಮಗಳು ಪ್ರಮೀಳಾಳ ಮದುವೆಗೆ ಬಾಯಿಮಾತಿಗೆ ಕರೆದ. ಪುಣ್ಯಾತ್ಮ ಬಂದೇ ಬಿಟ್ಟ! ಈಗ ಎರಡು ವರ್ಷದ ಮೇಲೆ ಅವನ ಮಗಳ ಮದುವೆಯಂತೆ, ವಿಮಾನದ ಟಿಕೀಟು ನಾನೇ ಕಳಿಸುತ್ತೇನೆ ಬಾ ಅಂತ ಕಾಗದ ಬರೆದಿದ್ದಾನೆ. ನಮ್ಮ ಮನೆ ಶುಭಕಾರ್ಯಕ್ಕೆ ಬಂದವರ ಮನೆಗೆ ನಾವು ಹೋಗದಿದ್ದರೆ ಮುಯ್ಯಿ ಉಳಿಯಿತು ಅಂತಲೇ ಅರ್ಥ. ಆ ಚಿಂತೆಯಲ್ಲಿ ಹೊನ್ನಪ್ಪನಿಗೆ ತಿಂಗಳಿಂದ ಮುದ್ದೆ ಸೇರುತ್ತಿಲ್ಲ.

ಮಂಚಯ್ಯ: ಓಗ್ಲಿ, ‘ಪ್ರವಾಸ’ ಅಂತ ಹಾಕ್ದೆ. ಅಲ್ಲಿ ಕರೆದಿರೋರ ಹೆಸ್ರು?

ಹೊನ್ನಪ್ಪ: ಕೆಂಪಯ್ಯ.

ಮಂಚಯ್ಯ: ಕಾಗದ್ದಲ್ಲಿ ಬೇರೆ ಹೆಸ್ರು ಅದಲ್ಲೋ?

ಹೊನ್ನಪ್ಪ: ಅದು ಅವ್ರಪ್ಪ ಇಟ್ಟಿದ್ದು. ಕೆಂಪಯ್ಯ ಅಂತ ನಾವಿಟ್ಟಿದ್ದು. ಅರಕೆರೆ ಬಿಸ್ಲಲ್ಲಿ ಎರಡು ದಿನಕ್ಕೇ ಕೆಂಪಗಾಗೋಗಿದ್ದ ಪಾಪ.

ಮಂಚಯ್ಯ: ಎಷ್ಟು ದಿನ ಇರ್ತೀಯ ಅಲ್ಲಿ?

ಹೊನ್ನಪ್ಪ: ಅವ್ರು ನಮ್ಮಲ್ಲಿ ಎಷ್ಟು ದಿನ ಇದ್ರೋ ಅಷ್ಟು.

ಮಂಚಯ್ಯ: ಕೆಂಪಯ್ಯ ಎರಡು ದಿನ ಇದ್ದ.

ಹೊನ್ನಪ್ಪ: ಕೆಂಪಯ್ಯ ಅಲ್ಲ ಕಣ್ಲಾ, ಅವ್ರ ತಾತಂದ್ರು. ನಮ್ ಕೋಟೆ ಗೋಡೆ ಒಡ್ಕಂಡು ಒಳಕ್ಕೆ ಬಂದ್ರಲ್ಲ, ಅವ್ರೇನು ಅರ್ಜಿ ಹಾಕ್ಕಂಡ್ ಬಂದ್ರಾ? ಆ ಒಡ್ದಿರೋ ಜಾಗದ ಮುಂದೇನೇ ನಾನು ದಿನಾ ಎಳನೀರು ಕೊಚ್ತೀನಿ. ಒಬ್ಬನ್ನಾದ್ರೂ ಕೇಳಿದೀನಾ, ಯಾಕಪ್ಪ ಬಂದೆ, ಎಷ್ಟ್ ದಿನ ಇರ್ತೀಯ, ಬ್ಯಾಂಕಲ್ಲಿ ಎಷ್ಟಿಟ್ಟಿದೀಯ ಅಂತ? ಗಂಜಿ ಇರೋ ಕಾಯಿ ಬೇಕೋ ಬರೀ ನೀರಿರೋದು ಬೇಕೋ ಅಂತ ಕೇಳೋದೊಂದೇ!

ಮಂಚಯ್ಯ: ನೀನು ಕೇಳ್ದೆ ಇದ್ರೇನು, ಡೆಲ್ಲಿಯೋರು ಕೇಳ್ತಾರೆ. ಇಂಗ್ಲೆಂಡ್ನೋರ್ಗೂ ಇಲ್ಲಿಗೆ ಬರಾಕೆ ವೀಸಾ ಬೇಕು. ಇದೂ ಮುಯ್ಯೇ ಕಣ್ಲಾ, ದೇಶ ದೇಶದ ಮುಯ್ಯಿ. ನೀನು ಬಾಗ್ಲು ತೆಗುದ್ರೆ ನಾನೂ ತೆಗೀತೀನಿ, ನೀನು ಹಾಕುದ್ರೆ ನಾನೂ ಹಾಕ್ತೀನಿ. ನೇಪಾಳ ಅದಲ್ಲ, ಅವ್ರು ನಮ್ಮನ್ನ ಏನೂ ಕೇಳಕಿಲ್ಲ, ನಾವೂ ಅವ್ರನ್ನ ಕೇಳಕಿಲ್ಲ. ಸುಮ್ಕೆ ಬಸ್ಸತ್ಕಂಡು ಓಗ್ಬೋದು.

ಹೊನ್ನಪ್ಪ: ನೇಪಾಳ್ದೋರು ಯಾರೂ ನಮ್ಮನೆ ಮದ್ವೆಗೆ ಬಂದಿರ್ನಿಲ್ಲ. ಅಲ್ಲಿಗೋಗಿ ಏನ್ಲಾ ಮಾಡ್ಲಿ?

ಮಂಚಯ್ಯ: ಮಾತಿಗೆ ಏಳ್ದೆ ಕಣಪ್ಪ!

ಹೊನ್ನಪ್ಪ: ಅಂಗಾದ್ರೆ ಇಂಗ್ಲೆಂಡ್ನೋರು ಯಾಕ್ಲಾ ಬಾಗ್ಲು ಹಾಕ್ಕಂಡವ್ರೆ?

ಮಂಚಯ್ಯ: ನಮ್ಮೋರು ಜಾಸ್ತಿ ಜನ ಓದ್ರು ಅಂತ.

ಹೊನ್ನಪ್ಪ: ಅವ್ರೇನು ಕಮ್ಮಿ ಬಂದಿದ್ರಾ? ಬಂದು ನೂರೈವತ್ತು ವರ್ಷ ಕೂತಿದ್ರು. ನಾನು ಒಂದೊತ್ತು ಉಂಡು ಬರ್ತೀನಿ ಅಂದ್ರೆ ಎಂಟು ಪುಟ ಕೊಟ್ಟವ್ರೆ!

ಮಂಚಯ್ಯ ಕನ್ನಡಕ ಒರೆಸಿಕೊಂಡು ‘ಎರಡು ದಿನ’ ಅಂತ ಟೈಪು ಮಾಡಿದ. ಇಂಥ ಗಿರಾಕಿ ಜೊತೆ ಇತಿಹಾಸ ಮಾತಾಡುತ್ತ ಕೂತರೆ ಮಧ್ಯಾಹ್ನದ ಊಟ ಹೋಗುತ್ತದೆ ಅನ್ನುವುದು ಅವನಿಗೆ ಗೊತ್ತು.

ಮಂಚಯ್ಯ: ತಿರುಗಿ ಬರ್ತೀಯ ಅನ್ನಾಕೆ ಏನು ಗ್ಯಾರಂಟಿ ಅಂತ ಕೇಳವ್ರೆ.

ಹೊನ್ನಪ್ಪ: ನಮ್ ಎಮ್ಮೆ.

ಮಂಚಯ್ಯ: ಏನು?

ಹೊನ್ನಪ್ಪ: ನಾನಿಲ್ದೆ ಇದ್ರೆ ಅದು ಯಾರ್ಗೂ ಹಾಲು ಕೊಡಾಕಿಲ್ಲ. ಒದ್ದುಬುಡ್ತದೆ. ಬೇಕಾರೆ ಡೈರಿ ಸೆಕ್ರೆಟ್ರಿ ತಾವ ಬರುಸ್ಕಂಡು, ಸೀಲ್ ಒಡುಸ್ಕಂಡ್ ಬರ್ತೀನಿ.

ಮಂಚಯ್ಯ: ಥೂ ನಿನ್ನ! ಮದ್ರಾಸಿಗೆ ಯಾವತ್ತು ಓಗ್ಬೇಕು ಅಂದೆ?

ಹೊನ್ನಪ್ಪ: ಗುರುವಾರ ಬೆಳಿಗ್ಗೆ ಅಲ್ಲಿ ವೀಸಾ ಆಫೀಸ್ನಲ್ಲಿ ನಿಂತಿರ್ಬೇಕು. ಅದೇನೋ ಪ್ರಶ್ನೆ ಕೇಳ್ತಾರಂತೆ.

ಅಷ್ಟರಲ್ಲಿ ಪೇಟೆಯಿಂದ ವೀಳ್ಯದೆಲೆ, ಬಾಳೆಹಣ್ಣು ತಕ್ಕೊಂಡು ಹೊನ್ನಪ್ಪನ ಹೆಂಡತಿ ಅಣ್ಣಮ್ಮ ಬಂದಳು. ‘ಗುರುವಾರ’ ಅನ್ನೋದು ಕಿವಿಗೆ ಬಿದ್ದದ್ದೇ ತಡ, ಬ್ಯಾಗು ಕುಕ್ಕಿದಳು.

ಅಣ್ಣಮ್ಮ: ಗುರುವಾರವಾ? ಗುರುವಾರ ಸಂತೆಬಾಚಳ್ಳೀಲಿ ನನ್ ತಮ್ಮ ನಿಂಗರಾಜುನ ಹೊಸ ಮನೆ ಒಕ್ಕಲು!

ಹೊನ್ನಪ್ಪ: ಸುಮ್ಕಿರಮ್ಮಿ, ಇದು ದೇಶ ದೇಶದ ವಿಷ್ಯ.

ಅಣ್ಣಮ್ಮ: ಮಂಚಣ್ಣ, ನೀವೇ ನ್ಯಾಯ ಏಳಿ. ಪ್ರಮೀಳನ ಮದ್ವೇಲಿ ಆ ಕೆಂಪಯ್ಯ ಬಂದು ಏನ್ ಮಾಡ್ದ? ಮೂರು ಒಬ್ಬಟ್ಟು ತಿಂದ, ಫೋಟೋ ತಗ್ದ, ಓದ. ಮೂರು ದಿನ ಸೌದೆ ಒಡ್ದು, ನೀರು ಒತ್ತು, ಎಂಜಲೆಲೆ ಎತ್ತಿದೋನು ಯಾರು? ನನ್ ತಮ್ಮ! ಅವನ ಮನೆ ಹೊಸ್ಲು ತುಳ್ದು ಆರು ವರ್ಷ ಆಯ್ತು ಇವ್ರು.

ಮಂಚಯ್ಯ: ಯಾಕ್ಲಾ ಹೊನ್ನ?

ಹೊನ್ನಪ್ಪ: ಅಲ್ಲಿ ನನ್ನ ಎರಡನೇ ಪಂಕ್ತೀಗೆ ಕೂರ್ಸುದ್ರು ಕಣ್ಲಾ. ಭಾವಾನ!

ಅಣ್ಣಮ್ಮ: ಮದ್ರಾಸಲ್ಲಿ ಗುರುವಾರ ಯಾವ ಪಂಕ್ತೀಲಿ ಕೂರುಸ್ತಾರಂತೆ? ಬಿಸ್ಲಲ್ಲಿ ಸಾಲಾಗಿ ನಿಲ್ಸುದ್ರೆ ಕೈ ಕಟ್ಕಂಡು ನಿಂತ್ಕತೀರಲ್ವ? ಯಾಕೆ ಬಂದೆ ಅಂದ್ರೆ ಬಾಯಿ ಬುಡ್ತೀರಲ್ವ? ಸಂತೆಬಾಚಳ್ಳೀಲಿ ಯಾರು ಏನು ಕೇಳ್ತಾರೆ? ಬಸ್ಸಿಳುದ್ರೆ ಕಾಲಿಗೆ ನೀರು ಕೊಡ್ತಾರೆ. ಕೇಳೋರ ಮನೆ ಬಾಗ್ಲು ತಟ್ತೀರ, ಕೇಳ್ದೆ ಇರೋರ ಮನೆಗೆ ಕಾಲು ಏಳಕಿಲ್ಲ!

ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡು ಆಚೆ ತಿರುಗಿದಳು. ಹೊನ್ನಪ್ಪನಿಗೆ ನಾಚಿಕೆಯಾಯಿತು, ಆದರೆ ಗಂಡಸಲ್ಲವೇ, ಒಪ್ಪಿಕೊಳ್ಳೋದುಂಟೆ?

ಮಂಚಯ್ಯ: ಅಂದ್ರೆ ನಿನ್ ಭಾಮೈದ ಬಾಗ್ಲು ತೆಗ್ದವ್ನೆ, ನೀನು ಹಾಕ್ಕಂಡಿದೀಯ. ಇಷ್ಟೊತ್ತು ಇಂಗ್ಲೆಂಡ್ನೋರ್ಗೆ ಏನ್ಲಾ ಅಂತಿದ್ದೆ ನೀನು?

ಹೊನ್ನಪ್ಪ: ಅದು ಬೇರೆ, ಇದು ಬೇರೆ. ನೀನು ಮುಂದಿನ ಪ್ರಶ್ನೆ ಓದ್ಲಾ ಸುಮ್ಕೆ.

ಅಣ್ಣಮ್ಮ ಬ್ಯಾಗು ಎತ್ತಿಕೊಂಡಳು. ಮಂಚಯ್ಯ ಕಾಗದ ತಿರುವಿ ಕೊನೇ ಪ್ರಶ್ನೆಗೆ ಬಂದ.

ಮಂಚಯ್ಯ: ‘ಇದಕ್ಕೆ ಮುಂಚೆ ಎಲ್ಲಾದ್ರೂ ನಿಮ್ಮನ್ನ ಒಳಕ್ಕೆ ಬುಡ್ದೆ ಬಾಗ್ಲಿಂದಾಚೆಗೇ ವಾಪಸ್ ಕಳ್ಸವ್ರಾ?’

ಹೊನ್ನಪ್ಪ: ಇಲ್ಲ ಅಂತ ಬರಿ! ಈ ಹೊನ್ನಪ್ಪನ್ನ ಯಾವನ್ಲಾ ವಾಪಸ್ ಕಳ್ಸೋನು?

ಅಣ್ಣಮ್ಮ: ಸದ್ಯಕ್ಕೆ ಇಲ್ಲ ಅಂತ್ಲೇ ಬರ್ಕಳಿ ಮಂಚಣ್ಣ. ಆದ್ರೆ ಪೆನ್ಸಿಲ್ಲಲ್ಲಿ ಬರೀರಿ. ಸಾಯಂಕಾಲ ಇವ್ರು ಮನೆ ತಾವ ಬಂದ್ಮೇಲೆ ತಿದ್ಬೇಕಾಯ್ತದೆ.